ಗಣಿಯಿಂದ ತೊಂಬತ್ತೆರಡು ಮೈಲಿ ದೂರದ ಗಣಿ ಶಿಬಿರ: ಶಿವನಸಮುದ್ರ, 1900–1902

ಅದಿರು ಸಿಕ್ಕ ಜಾಗದ ಪಕ್ಕದಲ್ಲೇ, ಊರು ಕೇರಿಗಳಿಲ್ಲದ ಕಡೆ, ಕಂಪನಿಯೊಂದು ತನ್ನ ಕೆಲಸಗಾರರಿಗಾಗಿ ತರಾತುರಿಯಲ್ಲಿ ಎಬ್ಬಿಸಿದ ನೆಲೆಯನ್ನು ಗಣಿಗಾರಿಕೆಯ ಚರಿತ್ರಕಾರರು ಗಣಿ ಶಿಬಿರವೆಂದು ಕರೆಯುತ್ತಾರೆ. ಸ್ವೀಡನ್ನಿನ ಉತ್ತರ ತುದಿಯಲ್ಲಿ ಕಬ್ಬಿಣದ ಅದಿರಿಗಾಗಿ 1900ರಲ್ಲಿ ಸ್ಥಾಪಿತವಾದ ಕಿರುನಾ, ಅಮೆರಿಕದ ಉದ್ಯಮಿ ಜಾನ್ ಮನ್ರೋ ಲಾಂಗ್‌ಇಯರ್ 1906ರಲ್ಲಿ ಸ್ವಾಲ್ಬಾರ್ಡ್ ದ್ವೀಪಸ್ತೋಮದಲ್ಲಿ ಕಲ್ಲಿದ್ದಲಿಗಾಗಿ ಆರಂಭಿಸಿದ, ಇಂದಿಗೂ ಅವನ ಹೆಸರನ್ನೇ ಹೊತ್ತಿರುವ ನೆಲೆ, ನಮ್ಮ ಕೋಲಾರದ ಚಿನ್ನದ ಗಣಿ ಪ್ರದೇಶ ಇವೆಲ್ಲವೂ ಹುಟ್ಟಿನಲ್ಲಿ ಇಂಥ ಶಿಬಿರಗಳೇ. ಆದರೆ ಗಣಿಯ ಶಿಬಿರ ಗಣಿಯ ಬಳಿಯೇ ಇರಬೇಕೆಂಬ ನಿಯಮವೇನೂ ಇಲ್ಲ. ಕೋಲಾರದ ಚಿನ್ನವನ್ನು ಅಗೆಯಲು ನೆರವಾದ ಶಿಬಿರಗಳಲ್ಲಿ ಅತ್ಯಂತ ಕಠಿಣವಾದ ಒಂದು ಇದ್ದದ್ದು ಗಣಿಯಿಂದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದಲ್ಲಿ, ಇಂದಿನ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕಡಿದಾದ ಕಣಿವೆಯಲ್ಲಿ. ಸುತ್ತಲಿನ ಜನ ಇಂದಿಗೂ ‘ಬ್ಲಫ್’ ಎಂದೇ ಕರೆಯುವ ಆ ತಾಣದಲ್ಲಿ ಒಂದು ತೊಲ ಚಿನ್ನವೂ ಇರಲಿಲ್ಲ. ಇದ್ದದ್ದು ನೀರಿನ ಬೀಳು ಮತ್ತು ಚಳಿಜ್ವರ.

ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ ಒಡೆದು, ಸುಮಾರು ಮೂರು ಮೈಲಿ ಉದ್ದದ ಒಂದು ದ್ವೀಪವನ್ನು ಸುತ್ತುವರಿದು, ಎಡಗವಲಿನಲ್ಲಿ ಗಗನಚುಕ್ಕಿಯಾಗಿ, ಬಲಗವಲಿನಲ್ಲಿ ಭರಚುಕ್ಕಿಯಾಗಿ ಧುಮುಕಿ ಮತ್ತೆ ಒಂದಾಗುತ್ತದೆ. ಶ್ರೀರಂಗಪಟ್ಟಣದ ಆದಿರಂಗನಿಗೂ ಶ್ರೀರಂಗದ ಅಂತ್ಯರಂಗನಿಗೂ ನಡುವಿನವನೆಂದು ಭಕ್ತರು ನಂಬುವ ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ, ಗಗನಚುಕ್ಕಿಯ ನೆತ್ತಿಯಲ್ಲಿರುವ ಮರ್ದಾನೆ ಗೈಬ್ ದರ್ಗಾ ಇವುಗಳಿಂದಾಗಿ ಯಾತ್ರಿಕರು ಇಲ್ಲಿಗೆ ಹಿಂದಿನಿಂದಲೂ ಬಂದು ಹೋಗುತ್ತಿದ್ದರು. ಬರುತ್ತಿದ್ದರೇ ಹೊರತು ಉಳಿಯುತ್ತಿರಲಿಲ್ಲ. ಹಳೆಯ ಪಟ್ಟಣವೊಂದರ ಅವಶೇಷಗಳನ್ನು ಕಾಡು ನುಂಗಿಹಾಕಿತ್ತು, ಮತ್ತು ಇಲ್ಲಿನ ಜ್ವರದ ಕುಖ್ಯಾತಿ ಮೈಸೂರು ಸೀಮೆಯಲ್ಲೆಲ್ಲ ಹರಡಿತ್ತು. ಇದರ ಮೇಲೆ ರಾಜಕೀಯ ತೊಡಕು ಬೇರೆ. ಎಡದಂಡೆಯ ಮಳವಳ್ಳಿ ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಬಲದಂಡೆಯ ಕೊಳ್ಳೇಗಾಲ ಮದರಾಸು ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು, ಮತ್ತು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅದು ಆ ಕಡೆಯೇ ಉಳಿಯಿತು. ಹೀಗಾಗಿ ಒಂದೇ ಹೊಳೆಯ ಎರಡು ಬೀಳುಗಳು ಎರಡು ಸರ್ಕಾರಗಳ ಪಾಲಾಗಿದ್ದವು, ಮತ್ತು ನೀರನ್ನು ಮುಟ್ಟುವ ಯಾವ ಯೋಜನೆಗಾದರೂ ಕೆಳಗಿನ ತಂಜಾವೂರು ಬಯಲಿನ ಗದ್ದೆಗಳ ಹಿತ ಕಾಯುತ್ತಿದ್ದ ಮದರಾಸಿನವರ ಒಪ್ಪಿಗೆ ಬೇಕಾಗಿತ್ತು.

ಈ ಜ್ವರದ ಕಣಿವೆಗೆ ಸಂಸ್ಥಾನದ ಕಣ್ಣು ಬೀಳಲು ಕಾರಣವಾದದ್ದು ಕೋಲಾರದ ಹಸಿವು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅಲ್ಲಿಗೆ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳವರೆಗೆ ರೈಲು ಬಂತು. 1901ರ ಜನಗಣತಿಯ ಹೊತ್ತಿಗೆ, ಇಪ್ಪತ್ತು ವರ್ಷಗಳ ಹಿಂದೆ ಬರಿಯ ಕುರುಚಲು ಬಯಲಾಗಿದ್ದ ಜಾಗದಲ್ಲಿ ಸುಮಾರು 38 ಸಾವಿರ ಜನ ವಾಸಿಸುತ್ತಿದ್ದರು. ಆಳ ಹೆಚ್ಚಿದಂತೆ ಖರ್ಚೂ ಹೆಚ್ಚುತ್ತದೆಂಬುದು ಗಣಿಯ ಲೆಕ್ಕ. ಅದಿರನ್ನು ಮೇಲಕ್ಕೆಳೆಯುವ ರಾಟೆಗಳು, ಸೋರಿದ ನೀರನ್ನು ಎತ್ತುವ ಪಂಪುಗಳು, ಬಂಡೆ ಕೊರೆಯುವ ಯಂತ್ರಗಳಿಗೆ ಗಾಳಿ ಒದಗಿಸುವ ಸಂಪೀಡಕಗಳು ಮತ್ತು ಬಿಳಿಗಲ್ಲನ್ನು ಹಿಟ್ಟಾಗಿಸುವ ಕುಟ್ಟು ಯಂತ್ರಗಳು ಎಲ್ಲವೂ ಉಗಿಯಿಂದಲೇ ನಡೆಯಬೇಕಿತ್ತು. ಸುತ್ತಮುತ್ತಲಿನ ಸೌದೆ ತೀರುತ್ತ ಬಂದಿತ್ತು, ಮತ್ತು ಹತ್ತಿರದಲ್ಲೆಲ್ಲೂ ಸಿಗದ ಕಲ್ಲಿದ್ದಲು ಬಹಳ ದೂರದಿಂದ ರೈಲೇರಿ ಬರಬೇಕಾಗಿತ್ತು. ಚಿನ್ನದ ಮೇಲೆ ರಾಜಧನ, ಅಂದರೆ ಉತ್ಪತ್ತಿಯಲ್ಲಿ ಸರ್ಕಾರಕ್ಕೆ ಸಲ್ಲುವ ಪಾಲು, ಪಡೆಯುತ್ತಿದ್ದ ಮೈಸೂರಿಗೂ ಗಣಿಗಳ ಖರ್ಚು ಇಳಿಯುವುದು ಬೇಕಾಗಿತ್ತು.

ಜಲಪಾತದ ಬಲವನ್ನು ಉದ್ಯಮಕ್ಕೆ ಬಳಸುವ ಮಾತು 1890ರ ದಶಕದಲ್ಲೇ ಕೇಳಿಬಂದಿತ್ತು. ಅದನ್ನು ಕಾಗದದಿಂದ ನೆಲಕ್ಕಿಳಿಸಿದವರು ಇಬ್ಬರು. ಒಬ್ಬರು 1883ರಿಂದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್, ಇನ್ನೊಬ್ಬರು ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಕ್ಯಾಪ್ಟನ್ ಅಲೆನ್ ಶಾರ್ತಿಯೇ ಜೋಲಿ ದ ಲಾತ್ಬಿನಿಯೇರ್. ಲಾತ್ಬಿನಿಯೇರ್ ಕೆನಡಾದ ಫ್ರೆಂಚ್ ಮನೆತನದವರು. ಅವರ ತಂದೆ ಕ್ವಿಬೆಕ್ ಪ್ರಾಂತದ ಪ್ರಧಾನಿಯಾಗಿದ್ದವರು. ಹಿಮದ ನಾಡಿನಿಂದ ಬಂದು ರಾಯಲ್ ಎಂಜಿನಿಯರ್ಸ್ ದಳ ಸೇರಿ ಮೈಸೂರಿನ ಮರಾಮತ್ತು ಇಲಾಖೆಯಲ್ಲಿ ನೆಲೆಸಿದ ಈ ಅಧಿಕಾರಿಯನ್ನು 1899ರಲ್ಲಿ ಸರ್ಕಾರ ಯೂರೋಪು ಮತ್ತು ಅಮೆರಿಕಕ್ಕೆ ಕಳುಹಿಸಿ, ವಿದ್ಯುತ್ತನ್ನು ಅಷ್ಟು ದೂರ ಸಾಗಿಸಲು ನಿಜವಾಗಿಯೂ ಸಾಧ್ಯವೇ ಎಂಬುದನ್ನು ಕಂಡು ಬರುವಂತೆ ಹೇಳಿತು.

ಪ್ರಶ್ನೆ ಹುಡುಗಾಟದ್ದಾಗಿರಲಿಲ್ಲ. ತಂತಿಯಲ್ಲಿ ಹರಿಯುವ ವಿದ್ಯುತ್ತು ದೂರ ಹೋದಷ್ಟೂ ಕಾವಾಗಿ ಸೋರಿಹೋಗುತ್ತದೆ. ಆ ಸೋರಿಕೆಯನ್ನು ತಗ್ಗಿಸಲು ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಬಹಳ ಏರಿಸಿ ಕಳುಹಿಸಿ, ತಲುಪಿದ ಕಡೆ ಮತ್ತೆ ಇಳಿಸಬೇಕು. ಈ ಏರಿಳಿತವನ್ನು ಮಾಡುವ ಟ್ರಾನ್ಸ್‌ಫಾರ್ಮರು ಕೆಲಸ ಮಾಡುವುದು ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ವಿದ್ಯುತ್ತಿನಲ್ಲಿ ಮಾತ್ರ. ಜರ್ಮನಿಯಲ್ಲಿ ಲೌಫೆನ್‌ನಿಂದ ಫ್ರಾಂಕ್‌ಫರ್ಟಿಗೆ ಸುಮಾರು 175 ಕಿಲೋಮೀಟರ್ ದೂರ ವಿದ್ಯುತ್ತನ್ನು ಹರಿಸಿ ತೋರಿಸಿದ್ದು 1891ರಲ್ಲಿ, ಅದೂ ಒಂದು ವಸ್ತುಪ್ರದರ್ಶನದ ಸಲುವಾಗಿ. ನಯಾಗರಾ ಜಲಪಾತದಿಂದ ಬಫಲೋ ನಗರಕ್ಕೆ ವಾಣಿಜ್ಯವಾಗಿ ವಿದ್ಯುತ್ ತಲುಪಿದ್ದು 1896ರಲ್ಲಿ. ಆ ದೂರ ಮೂವತ್ತು ಮೈಲಿಗೂ ಕಡಿಮೆ. ಅದರ ಮೂರು ಪಟ್ಟಿಗೂ ಮಿಕ್ಕ ದೂರಕ್ಕೆ, ಮುಂಗಾರಿನ ಗುಡುಗು ಸಿಡಿಲಿನ ನಾಡಿನಲ್ಲಿ, ಒಂದೇ ಗಿರಾಕಿಯನ್ನು ನಂಬಿ ಬಂಡವಾಳ ಹೂಡಲು ಹೊರಟ ಮೈಸೂರಿನ ಧೈರ್ಯವನ್ನು ಹೊಗಳುವವರು ಅದರ ಲೆಕ್ಕಾಚಾರವನ್ನು ಮರೆಯುತ್ತಾರೆ. ಗಣಿ ಕಂಪನಿಗಳು 4,000 ಅಶ್ವಶಕ್ತಿಯನ್ನು ಕೊಳ್ಳುವುದಾಗಿ ಮೊದಲೇ ಒಪ್ಪಂದ ಮಾಡಿಕೊಂಡಿದ್ದವು; ಒಂದು ಅಶ್ವಶಕ್ತಿಯೆಂದರೆ 746 ವಾಟ್. ಸರ್ಕಾರ ಹಾಕುವ ಹಣ ಹಿಂದಿರುಗುವ ದಾರಿ ಯಂತ್ರಗಳನ್ನು ತರಿಸುವ ಮೊದಲೇ ಬರಹದಲ್ಲಿ ಗಟ್ಟಿಯಾಗಿತ್ತು. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ, ನೀರಿನ ರಭಸದಿಂದ ತಿರುಗುವ ಚಕ್ರಗಳನ್ನು, ಅಂದರೆ ಟರ್ಬೈನುಗಳನ್ನು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಎಶರ್ ವಿಸ್ ಕಂಪನಿಗೂ ವಹಿಸಲಾಯಿತು.

1900ರಲ್ಲಿ ಕೆಲಸ ಆರಂಭವಾದಾಗ ಶಿಬಿರದ ಮೊದಲ ಸಮಸ್ಯೆ ದಾರಿಯದಾಗಿತ್ತು. ಬೆಂಗಳೂರು–ಮೈಸೂರು ರೈಲುಮಾರ್ಗ 1881–82ರಲ್ಲೇ ತೆರೆದಿತ್ತಾದರೂ ಅದು ಹಾದುಹೋದದ್ದು ಮದ್ದೂರು, ಮಂಡ್ಯಗಳ ಮೇಲೆ; ಜಲಪಾತಕ್ಕೆ ಹತ್ತಿರದ ನಿಲ್ದಾಣವೆಂದರೆ ಸುಮಾರು 30 ಮೈಲಿ ದೂರದ ಮದ್ದೂರು. ಜ್ಯೂರಿಕ್‌ನಿಂದಲೂ ಅಮೆರಿಕದಿಂದಲೂ ಹಡಗೇರಿ ಬಂದ ಟರ್ಬೈನಿನ ಭಾಗಗಳು, ಜನರೇಟರುಗಳು, ಟ್ರಾನ್ಸ್‌ಫಾರ್ಮರುಗಳು ಮದ್ದೂರಿನಲ್ಲಿ ರೈಲಿನಿಂದಿಳಿದ ಮೇಲೆ ಅವುಗಳ ಭಾರ ಎತ್ತು ಮತ್ತು ಆನೆಗಳ ಪಾಲಿಗೆ ಬಂತು. ಮದ್ದೂರಿನಿಂದ ಮಳವಳ್ಳಿಯ ಮೂಲಕ ಹೊಳೆಯ ಕಡೆಗೆ ಹೋಗುವ ದಾರಿ ಎತ್ತಿನ ಗಾಡಿಯಲ್ಲಿ ರಾಗಿ, ಬೆಲ್ಲ ಸಾಗಿಸುವವರ ದಾರಿ. ಟನ್ನುಗಟ್ಟಲೆ ತೂಗುವ ಕಬ್ಬಿಣವನ್ನು ಕಂಡದ್ದಲ್ಲ. ಜಗತ್ತಿನ ಅತ್ಯಾಧುನಿಕ ಯಂತ್ರವೊಂದರ ಕೊನೆಯ ಮೂವತ್ತು ಮೈಲಿ ಹೀಗೆ ಹಳ್ಳಿಕಾರ್ ತಳಿಯ ನಾಡಿನ ಎತ್ತುಗಳ ಹೆಗಲ ಮೇಲೆ ನಡೆಯಿತು. ಮುಂಗಾರು ಹಿಡಿದು ದಾರಿ ಕೆಸರಾದರೆ ಗಾಡಿಗಳು ನಿಂತವು. ಗಾಡಿ ನಿಂತರೆ ಕಣಿವೆಯಲ್ಲಿ ಕೆಲಸವೂ ಅಷ್ಟರಮಟ್ಟಿಗೆ ನಿಂತಂತೆ.

ಮಾಡಬೇಕಾದ ಕೆಲಸವನ್ನು ಮೂರು ತುಂಡಾಗಿ ನೋಡಬಹುದು. ಜಲಪಾತದ ಮೇಲೆ ಹೊಳೆಗೆ ತಡೆ ಕಟ್ಟಿ, ತಿರುಗಿಸಿಕೊಂಡ ನೀರನ್ನು ಬೆಟ್ಟದ ಮಗ್ಗುಲಲ್ಲಿ ಸುಮಾರು ಮೂರು ಮೈಲಿ ಉದ್ದದ ನಾಲೆಯಲ್ಲಿ ಹರಿಸಿ ಒಂದು ಕೊಳಕ್ಕೆ ಮುಟ್ಟಿಸುವುದು ಮೊದಲನೆಯದು. ಅಲ್ಲಿಂದ ದಪ್ಪ ಉಕ್ಕಿನ ಕೊಳವೆಗಳನ್ನು ಕಡಿದಾದ ಇಳಿಜಾರಿನ ಮೇಲೆ ಹಾಸಿ ನೀರನ್ನು ಸುಮಾರು 400 ಅಡಿ ಕೆಳಗಿನ ಯಂತ್ರಶಾಲೆಗೆ ಇಳಿಸುವುದು ಎರಡನೆಯದು. ಈ ಎತ್ತರದ ವ್ಯತ್ಯಾಸವನ್ನೇ ಎಂಜಿನಿಯರುಗಳು ‘ಹೆಡ್’ ಎನ್ನುತ್ತಾರೆ, ಮತ್ತು ಎಷ್ಟು ವಿದ್ಯುತ್ತು ಹುಟ್ಟುತ್ತದೆಂಬುದು ನೀರಿನ ಪ್ರಮಾಣದಷ್ಟೇ ಇದನ್ನೂ ಅವಲಂಬಿಸಿದೆ. ಹೊಳೆಯ ಅಂಚಿನ ಯಂತ್ರಶಾಲೆಯಿಂದ ಹೊರಟ ತಂತಿಗಳನ್ನು ಕಾಡು ಬಯಲು ದಾಟಿಸಿ, ಕನಕಪುರದ, ಅಂದಿನ ಕಾನಕಾನಹಳ್ಳಿಯ, ಸೀಮೆಯ ಮೂಲಕ ಕೋಲಾರದವರೆಗೆ ಎಳೆಯುವುದು ಮೂರನೆಯದು. ಮೊದಲಿನ ಎರಡು ಕೆಲಸಗಳಿಗೆ ಬೇಕಾದದ್ದು ಗುದ್ದಲಿ, ಹಾರೆ, ಸಿಡಿಮದ್ದು ಮತ್ತು ಸಾವಿರಾರು ಕೈಗಳು.

ಈ ಕೈಗಳು ಬಂದ ರೀತಿ ದಕ್ಷಿಣ ಭಾರತದ ಅಂದಿನ ಮರಾಮತ್ತು ಶಿಬಿರಗಳೆಲ್ಲದರ ರೀತಿಯೇ. ಗುತ್ತಿಗೆದಾರನ ಕೆಳಗೆ ಮೇಸ್ತ್ರಿಗಳು. ಹಳ್ಳಿಗಳಲ್ಲಿ ಮುಂಗಡ ಹಂಚಿ ಆಳುಗಳನ್ನು ಗುಂಪಾಗಿ ಕರೆತರುವವರು, ಹಾಜರಿ ಇಡುವವರು, ಬಟವಾಡೆಯ ದಿನ ಮುಂಗಡವನ್ನು ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುವವರು ಅವರೇ. ಗಂಡಸರು ಅಗೆದರೆ ಹೆಂಗಸರು, ಮಕ್ಕಳು ಮಂಕರಿಯಲ್ಲಿ ಮಣ್ಣು ಹೊರುತ್ತಿದ್ದರು. ಬಂಡೆ ಸೀಳುವ, ಕೆರೆ ಕಟ್ಟೆಗಳ ಮಣ್ಣು ತೋಡುವ ಕಸುಬು ತಲೆಮಾರುಗಳಿಂದ ಭೋವಿ ಸಮುದಾಯದವರದಾಗಿತ್ತು. ಶಿಬಿರದ ಆಳುಗಳಿಗೆ ಮನೆಯೆಂದರೆ ಬಿದಿರಿನ ತಡಿಕೆ, ಹುಲ್ಲಿನ ಸೂರು. ಉತ್ತರದ ಬಸರಾಳಿನಿಂದ ದಕ್ಷಿಣದ ಮಳವಳ್ಳಿಯವರೆಗೆ ಹರಡಿದ್ದ ನೆಲ ಆಗ ಇಂದಿನಂತೆ ಕಬ್ಬು ಭತ್ತಗಳ ಹಸಿರಾಗಿರಲಿಲ್ಲ. ವಿಶ್ವೇಶ್ವರಯ್ಯ ನಾಲೆ ಬರಲು ಇನ್ನೂ ಮೂರು ದಶಕ ಉಳಿದಿದ್ದ ಆ ಕಾಲದಲ್ಲಿ ಕೆರೆಗಳ ಹಿಂದಿನ ಗದ್ದೆ ಬಿಟ್ಟರೆ ಉಳಿದದ್ದೆಲ್ಲ ಮಳೆ ನಂಬಿದ ರಾಗಿ, ಹುರುಳಿ, ಅವರೆಯ ಹೊಲ. ಸುಗ್ಗಿ ಮುಗಿದ ಮೇಲೆ ಕೂಲಿಗೆ ಹೊರಡುವವರಿಗೆ ಕೊರತೆಯಿರಲಿಲ್ಲ. ಆದರೆ ಮೊದಲ ಮಳೆ ಬಿದ್ದು ಆರಂಬ ಶುರುವಾಗುತ್ತಲೇ ಅದೇ ಆಳಿಗೆ ಹೊಲದ ಕರೆ ಹೆಚ್ಚು. 1876–78ರಲ್ಲಿ ಸಂಸ್ಥಾನದ ಸುಮಾರು ಹತ್ತು ಲಕ್ಷ ಜನರನ್ನು ಅಳಿಸಿದ ಮಹಾಕ್ಷಾಮದಲ್ಲಿ, ಬದುಕುಳಿದವರು ಆಗಿನ್ನೂ ನಡುವಯಸ್ಸಿನವರು. ರೊಕ್ಕದ ಕೂಲಿಯ ಬೆಲೆಯೂ ಸ್ವಂತ ರಾಗಿಯ ಬೆಲೆಯೂ ಎರಡೂ ಅವರಿಗೆ ಗೊತ್ತಿದ್ದವು.

ಶಿಬಿರದ ಮೇಲಿನ ಅಂತಸ್ತಿನಲ್ಲಿ ಬಂಗಲೆಗಳ ಲೋಕವೊಂದಿತ್ತು. ಇಲಾಖೆಯ ಇಂಗ್ಲಿಷ್ ಮತ್ತು ಮೈಸೂರಿನ ಎಂಜಿನಿಯರುಗಳು, ಯಂತ್ರ ಜೋಡಿಸಲು ಬಂದ ಅಮೆರಿಕನ್ನರು ಅಲ್ಲಿದ್ದರು, ಅವರಲ್ಲಿ ಎಚ್. ಪಿ. ಗಿಬ್ಸ್ ಎಂಬವರು ಮುಂದೆ ಸಂಸ್ಥಾನದ ವಿದ್ಯುತ್ ಇಲಾಖೆಯ ಮುಖ್ಯಸ್ಥರಾಗಿ ಉಳಿದು, ಬಳಿಕ ಮುಂಬಯಿಯಲ್ಲಿ ಟಾಟಾ ಜಲವಿದ್ಯುತ್ ಯೋಜನೆಗೆ ಹೋದರು. ತಡಿಕೆಯ ಗುಡಿಸಲಿಗೂ ಬಂಗಲೆಗೂ ಅಂತರ ಎಷ್ಟೇ ಇರಲಿ, ಚಳಿಜ್ವರ ಮಾತ್ರ ಎರಡಕ್ಕೂ ನುಗ್ಗಿತು. ಅನಾಫಿಲಿಸ್ ಸೊಳ್ಳೆಯ ಮೈಯಲ್ಲಿ ಮಲೇರಿಯದ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರ ಆಗಸ್ಟ್‌ನಲ್ಲಿ, ಅಂದರೆ ಶಿಬಿರ ಏಳುವುದಕ್ಕೆ ಮೂರು ವರ್ಷ ಮೊದಲು. ಪುಸ್ತಕದಲ್ಲಿದ್ದ ಆ ಅರಿವು ನಿಂತ ನೀರನ್ನು ಬರಿದು ಮಾಡುವ, ಮಲಗುವ ಜಾಗಕ್ಕೆ ಪರದೆ ಕಟ್ಟುವ ದಿನನಿತ್ಯದ ಕ್ರಮವಾಗಿ ಕಣಿವೆಗಿಳಿಯಲು ಇನ್ನೂ ಕಾಲ ಬೇಕಿತ್ತು. ನಾಲೆ ತೋಡುವ ಕೆಲಸವೆಂದರೆ ಹೆಜ್ಜೆಹೆಜ್ಜೆಗೂ ಗುಂಡಿ; ಗುಂಡಿಯೆಂದರೆ ಮಳೆ ಬಿದ್ದೊಡನೆ ನಿಂತ ನೀರು; ನಿಂತ ನೀರೆಂದರೆ ಸೊಳ್ಳೆಯ ತೊಟ್ಟಿಲು. ಶಿಬಿರ ತನ್ನ ಕೆಲಸದಿಂದಲೇ ತನ್ನ ಶತ್ರುವನ್ನು ಸಾಕುತ್ತಿತ್ತು, ಮತ್ತು ಅದರ ಕೈಯಲ್ಲಿದ್ದ ಒಂದೇ ಮದ್ದೆಂದರೆ ಕಹಿಯಾದ ಕ್ವಿನೈನ್. ಸಾಲದೆಂಬಂತೆ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿದ್ದ ಪ್ಲೇಗು ಆ ವರ್ಷಗಳಲ್ಲಿ ಸಂಸ್ಥಾನವನ್ನೆಲ್ಲ ಸುತ್ತುತ್ತಿತ್ತು, ಮತ್ತು ಜನ ಗುಂಪಾಗಿ ಸೇರುವ ಯಾವ ಕೆಲಸವೂ ಆ ಭಯದ ನೆರಳಿನಿಂದ ಹೊರಗಿರಲಿಲ್ಲ.

ಈ ಕಣಿವೆಯ ನಿಜವಾದ ಸೋದರ ಶಿಬಿರವನ್ನು ಹುಡುಕಬೇಕಾದರೆ ಉತ್ತರ ಧ್ರುವವೃತ್ತದ ಆಚೆಗೆ, ಸ್ವೀಡನ್ನಿನ ಪೋರ್ಯುಸ್‌ಗೆ ಹೋಗಬೇಕು. ಕಿರುನಾದ ಕಬ್ಬಿಣದ ಅದಿರನ್ನು ನಾರ್ವೆಯ ಬಂದರಿಗೆ ಸಾಗಿಸುವ ರೈಲನ್ನು ವಿದ್ಯುತ್ತಿನಿಂದ ಓಡಿಸಲು, ಗಣಿಗಳಿಗೂ ವಿದ್ಯುತ್ತು ಕೊಡಲು ಅಲ್ಲಿನ ಸರ್ಕಾರ ಲೂಲೆ ನದಿಯ ಮೇಲೆ 1910ರಿಂದ 1915ರವರೆಗೆ ಜಲವಿದ್ಯುತ್ ಕೇಂದ್ರ ಕಟ್ಟಿಸಿತು. ಮೊದಮೊದಲು ಅಲ್ಲಿಗೆ ರೈಲೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಸುಮಾರು ಐವತ್ತು ಕಿಲೋಮೀಟರ್ ದೂರದ ಯೆಲ್ಲಿವಾರೆಯಿಂದ ಹಿಟ್ಟು, ಉಪಕರಣ, ಒಲೆಗಳನ್ನು ಕೂಡ ಕೂಲಿಗಳು ಬೆನ್ನ ಮೇಲೆ ಹೊತ್ತು ಕಾಡು ಜೌಗುಗಳ ನಡುವೆ ತಂದರು. 1911ರಲ್ಲಿ ರೈಲು ಬಂದ ಮೇಲೆಯೇ ಯಂತ್ರಗಳು ಬಂದವು. ಸೂರ್ಯ ಮುಖ ತೋರಿಯೂ ತೋರದ ಮಾಗಿಯ ವಾರಗಳು, ಮೂಳೆ ಕೊರೆಯುವ ಚಳಿ ಅಲ್ಲಿನ ಕಷ್ಟ. ಬೆಚ್ಚನೆಯ ನೀರು, ಹಸಿರು, ಸೊಳ್ಳೆ ಇಲ್ಲಿನ ಕಷ್ಟ. ಆದರೆ ಎರಡರ ಒಳಗಟ್ಟು ಒಂದೇ. ಗಣಿ ಬೇರೆ ಕಡೆ, ಲಾಭ ಬೇರೆ ಕಡೆ, ಸರ್ಕಾರವೇ ಬಂಡವಾಳಗಾರ, ಕೊನೆಯ ಮೈಲಿಗಳ ಭಾರ ಪ್ರಾಣಿಯ ಅಥವಾ ಮನುಷ್ಯನ ಬೆನ್ನಿಗೆ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಪೋರ್ಯುಸ್‌ನ ಹೊರೆಯಾಳುಗಳನ್ನು ಅವರ ನಾಡು ಜನಪದ ವೀರರಂತೆ ನೆನೆಯುತ್ತದೆ. ಮದ್ದೂರಿನಿಂದ ಯಂತ್ರ ಎಳೆದ ಗಾಡಿಯವರನ್ನು ನೆನೆಯುವ ಒಂದು ಲಾವಣಿಯೂ ನಮ್ಮ ಶಾಲೆಯ ಪಠ್ಯಗಳಿಗೆ ಬಂದಿಲ್ಲ. ದಾಟಿಬಂದ ಚಳಿಗಾಲ ವೀರಗಾಥೆಗೆ ಒಗ್ಗುವಷ್ಟು ಸುಲಭವಾಗಿ ನಡುಗುತ್ತ ಮಲಗಿದ ಜ್ವರದ ದಿನಗಳು ಒಗ್ಗುವುದಿಲ್ಲವೇನೋ.

1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿಯಿತು. ಯಂತ್ರಶಾಲೆಯಲ್ಲಿ ತಲಾ 720 ಕಿಲೋವಾಟಿನ ಆರು ಜನರೇಟರುಗಳು ಕೂತಿದ್ದವು. ಅವು 2,200 ವೋಲ್ಟಿನಲ್ಲಿ ಹುಟ್ಟಿಸಿದ ವಿದ್ಯುತ್ತನ್ನು 30,000 ವೋಲ್ಟಿಗೆ ಏರಿಸಿ ತಂತಿಗೆ ಬಿಡಲಾಗುತ್ತಿತ್ತು. ಅಂದು ಸಂಸ್ಥಾನವನ್ನು ಮಗನ ಪರವಾಗಿ ನಡೆಸುತ್ತಿದ್ದವರು ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡದ್ದು ಆಗಸ್ಟ್ 8ರಂದು. ಯೋಜನೆಯ ಹಿಂದೆ ನಿಂತಿದ್ದ ಶೇಷಾದ್ರಿ ಅಯ್ಯರ್ 1901ರ ಮಾರ್ಚ್‌ನಲ್ಲಿ ನಿವೃತ್ತರಾಗಿ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಇಂದು ಕೇಂದ್ರಕ್ಕೆ ಅವರದೇ ಹೆಸರು. ಲಾತ್ಬಿನಿಯೇರ್ ಮುಂದೆ ಕಾಶ್ಮೀರಕ್ಕೆ ಹೋಗಿ ಝೇಲಂ ನದಿಯ ಮೇಲೆ ಮೋಹೊರಾ ವಿದ್ಯುತ್ ಕೇಂದ್ರವನ್ನು ಕಟ್ಟಿಸಿದರು. ಶಿವನಸಮುದ್ರವನ್ನು ಏಷ್ಯದ ಮೊದಲ ಜಲವಿದ್ಯುತ್ ಕೇಂದ್ರವೆಂದು ಭಾಷಣಗಳಲ್ಲಿ ಹೇಳುವುದು ವಾಡಿಕೆ. ಅದು ಸರಿಯಲ್ಲ, ಭಾರತದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗಿನಲ್ಲಿ 1897ರಲ್ಲಿ ಪುಟ್ಟ ಕೇಂದ್ರವೊಂದು ದೀಪ ಉರಿಸಿತ್ತು. ಶಿವನಸಮುದ್ರದ ಹೆಚ್ಚುಗಾರಿಕೆ ಮೊದಲಾಗಿರುವುದರಲ್ಲಿಲ್ಲ. ಆಗಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದನ್ನು ಕೈಗಾರಿಕೆಯೊಂದಕ್ಕೆ ಹಗಲಿರುಳು ದುಡಿಯುವಂತೆ ನಿಲ್ಲಿಸಿದ್ದರಲ್ಲಿದೆ.

ಕಟ್ಟುವವರು ಚದುರಿದ ಮೇಲೆ ಉಳಿದದ್ದು ನಡೆಸುವವರ ಶಿಬಿರ. ಅದು ಚಿಕ್ಕದಾದರೂ ಒಂಟಿತನದಲ್ಲಿ ಮೊದಲಿನದನ್ನು ಮೀರಿಸಿತು. ಗಣಿಯ ಪಂಪು ನಿಂತರೆ ಸುರಂಗಕ್ಕೆ ನೀರು ನುಗ್ಗುವುದರಿಂದ ಯಂತ್ರಶಾಲೆಗೆ ಹಬ್ಬವಿಲ್ಲ, ಇರುಳಿಲ್ಲ. ಪಾಳಿಯ ಮೇಲೆ ಪಾಳಿ ಕಾಯಬೇಕು. ಕೆಲಸಗಾರರು ವಾಸವಿದ್ದದ್ದು ಕಣಿವೆಯ ನೆತ್ತಿಯಲ್ಲಿ, ಯಂತ್ರಗಳಿದ್ದದ್ದು ತಳದಲ್ಲಿ. ಇಳಿಜಾರಿನ ಹಳಿಯ ಮೇಲೆ ಹಗ್ಗ ಕಟ್ಟಿ ಎಳೆಯುವ ಟ್ರಾಲಿಯೇ ಎರಡಕ್ಕೂ ನಡುವಿನ ಕೊಂಡಿಯಾಯಿತು. ಗುಡುಗಿನ ಕಾಲದಲ್ಲಿ ಸಿಡಿಲು ತಂತಿಗೆ ಬಡಿದು, ಕಂಬಕ್ಕೂ ತಂತಿಗೂ ನಡುವೆ ವಿದ್ಯುತ್ತು ಸೋರದಂತೆ ತಡೆಯುವ ಪಿಂಗಾಣಿಯ ನಿರೋಧಕಗಳನ್ನು ಒಡೆಯುತ್ತಿತ್ತು, ಮತ್ತು ಲೈನಿನ ಆಳುಗಳು ಕಾಡಿನ ನಡುವೆ ಮೈಲಿಗಟ್ಟಲೆ ನಡೆದು ಮುರಿದ ಕಡೆಯನ್ನು ಹುಡುಕಬೇಕಾಗುತ್ತಿತ್ತು. ಬ್ಲಫ್‌ನ ಒಂದು ಗುಂಡಿ ಅದುಮಿದರೆ ಕೋಲಾರದಲ್ಲಿ ಕುಟ್ಟು ಯಂತ್ರ ಅದೇ ಗಳಿಗೆಯಲ್ಲಿ ಎಚ್ಚರಗೊಳ್ಳುತ್ತಿತ್ತು; ಬ್ಲಫ್‌ನ ಒಬ್ಬ ಕೆಲಸಗಾರನಿಗೆ ಅದೇ ಕುಟ್ಟು ಯಂತ್ರವನ್ನು ಕಣ್ಣಾರೆ ಕಾಣಬೇಕೆನಿಸಿದರೆ ಮದ್ದೂರಿನವರೆಗೆ ಗಾಡಿ, ಅಲ್ಲಿಂದ ಬೆಂಗಳೂರಿನ ರೈಲು, ಮತ್ತೆ ಬೌರಿಂಗ್‌ಪೇಟೆಯ ರೈಲು, ಮತ್ತೆ ಗಣಿಯ ರೈಲು ಹಿಡಿಯಬೇಕಿತ್ತು.

ತಂತಿಯ ಆ ತುದಿಯಲ್ಲಿ ಪರಿಣಾಮ ಬೇಗನೆ ಕಂಡಿತು. 1905ರ ಹೊತ್ತಿಗೆ ಕೋಲಾರದ ಚಿನ್ನದ ಉತ್ಪತ್ತಿ ತನ್ನ ಚರಿತ್ರೆಯ ಶಿಖರ ಮುಟ್ಟಿತು. ವಿದ್ಯುತ್ತೊಂದೇ ಅದಕ್ಕೆ ಕಾರಣವೆನ್ನುವುದು ಅತಿಯಾದೀತು, ಏಕೆಂದರೆ ಆ ವರ್ಷಗಳಲ್ಲಿ ಸಿಕ್ಕ ಅದಿರಿನ ಸತ್ವವೇ ಹೆಚ್ಚಿತ್ತು. ಮುಂದೆ ಒಳ್ಳೆಯ ಅದಿರು ವಿರಳವಾಗಿ, ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು, ಅಲ್ಲಿನ ಬಂಡೆ ಅರುವತ್ತು ಡಿಗ್ರಿ ಸೆಲ್ಸಿಯಸ್ ದಾಟಿ ಕಾದು, ಒತ್ತಡ ತಾಳದೆ ಬಂಡೆ ಸಿಡಿಯುವ ಅಪಾಯದ ನಡುವೆ ಮನುಷ್ಯರು ದುಡಿಯಬೇಕಾದಾಗ, ಅಷ್ಟು ಆಳಕ್ಕೆ ಗಾಳಿಯನ್ನು ಇಳಿಸಿ ನೀರನ್ನು ಮೇಲೆತ್ತಿದ್ದು ಮಾತ್ರ ವಿದ್ಯುತ್ತೇ. ಗಣಿಗಳಿಗೆ ಕೊಟ್ಟು ಮಿಕ್ಕ ವಿದ್ಯುತ್ತಿನಿಂದ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. 1908ರಲ್ಲಿ ಮೈಸೂರಿಗೂ ಬಂತು.

ಶಿಬಿರಕ್ಕೆ ಒಂದು ಮೂಲಭೂತ ದೌರ್ಬಲ್ಯವಿತ್ತು: ಬೇಸಗೆಯಲ್ಲಿ ಕಾವೇರಿ ಬಡವಾಗುತ್ತಿದ್ದಳು. ಗಣಿಗಳು ಇನ್ನಷ್ಟು ವಿದ್ಯುತ್ತು ಕೇಳುತ್ತಿದ್ದಾಗ ಮೇಲ್ಗಡೆ ನೀರು ಕೂಡಿಡದೆ ಗತಿಯಿರಲಿಲ್ಲ. ಹೀಗೆ ಹೊಳೆಯ ಮೇಲ್ಭಾಗದಲ್ಲಿ ಎದ್ದ ಕನ್ನಂಬಾಡಿ ಕಟ್ಟೆಯನ್ನು ಮಂಡ್ಯದ ಜನ ಇಂದು ತಮ್ಮ ಗದ್ದೆಯ ತಾಯಿಯೆಂದು ಕೊಂಡಾಡುವುದು ಸಹಜವೇ. ಆದರೆ ಅದು ಹುಟ್ಟಿದ್ದರಲ್ಲಿ ಕೋಲಾರದ ಚಿನ್ನದ ಕೈ ದೊಡ್ಡದು. 1909ರಲ್ಲಿ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಈ ಯೋಜನೆಯನ್ನು ಮುಂದೊತ್ತಿದಾಗ, ಗಣಿಗಳಿಗೆ ವರ್ಷವಿಡೀ ವಿದ್ಯುತ್ತು ಕೊಟ್ಟು ಬರುವ ನಿಶ್ಚಿತ ಆದಾಯವೇ ಸರ್ಕಾರವನ್ನು ಒಪ್ಪಿಸುವ ಗಟ್ಟಿ ವಾದವಾಯಿತು. 1911ರಲ್ಲಿ ಕೆಲಸ ಶುರುವಾಯಿತು. ಮದರಾಸಿನ ತಕರಾರಿನಿಂದಾಗಿ ಮೊದಲ ಹಂತದಲ್ಲಿ ಕಟ್ಟೆಗೆ 80 ಅಡಿಯ ಮಿತಿ ಬಿತ್ತು. ವ್ಯಾಜ್ಯ ಮಧ್ಯಸ್ಥಗಾರ ಗ್ರಿಫಿನ್ನರ 1914ರ ತೀರ್ಪನ್ನೂ ದಾಟಿ 1924ರ ಒಪ್ಪಂದದವರೆಗೆ ಎಳೆಯಿತು. ಸಿಮೆಂಟಿನ ಬದಲು ಇಟ್ಟಿಗೆಯ ಪುಡಿ ಮತ್ತು ಸುಣ್ಣ ಅರೆದ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ ಆ ಶಿಬಿರದಲ್ಲಿ ಕೆಲಸ ಬಿರುಸಾದಾಗ ಸುಮಾರು ಹತ್ತು ಸಾವಿರ ಆಳುಗಳಿದ್ದರು, ಮತ್ತು ಮಲೇರಿಯ ಅಲ್ಲಿಗೂ ಹಿಂಬಾಲಿಸಿತು. ಹಳೆಯ ಕನ್ನಂಬಾಡಿ ಊರೇ ನೀರಿನಡಿಗೆ ಹೋಯಿತು. ಶಿವನಸಮುದ್ರ ಒಂದು ಊರನ್ನೂ ಮುಳುಗಿಸಿರಲಿಲ್ಲ. ಅದರ ಬಾಯಾರಿಕೆ ತಣಿಸಲು ಹೊರಟ ಕಟ್ಟೆ ಮುಳುಗಿಸಿತು.

ಕಟ್ಟೆಯಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಹರಿದು ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿ, 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ರೂಪುಗೊಂಡಾಗ ಮಳವಳ್ಳಿ ಅದರ ಪಾಲಾಯಿತು. ಮರುವರ್ಷ ಅದೇ ತಾಲ್ಲೂಕಿನ ಶಿಂಷಾಪುರದಲ್ಲಿ ಎರಡನೆಯ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಆದರೆ ತಂತಿಯ ಕೆಳಗೇ ಉಳುತ್ತಿದ್ದ ಹಳ್ಳಿಗಳಿಗೆ ಬೆಳಕು ಬರುವುದು ತಡವಾಯಿತು. ಮೂವತ್ತು ಸಾವಿರ ವೋಲ್ಟಿನ ಮಾರ್ಗದಿಂದ ಒಂದು ಗುಡಿಸಲಿಗೆ ದೀಪ ಕೊಡಬೇಕಾದರೆ ಒತ್ತಡ ಇಳಿಸುವ ಕೇಂದ್ರ ಬೇಕು, ಅದರ ಖರ್ಚು ಹೊರಲು ಗಿರಾಕಿಗಳು ಬೇಕು, ಮತ್ತು ರಾಗಿ ಬೆಳೆಯುವ ಹಳ್ಳಿ ಅಂಥ ಗಿರಾಕಿಯೆಂದು ಯಾವ ಇಲಾಖೆಯೂ ಎಣಿಸಿರಲಿಲ್ಲ. ಹಳ್ಳಿಗಳ ವಿದ್ಯುದೀಕರಣ ಈ ಸೀಮೆಯಲ್ಲಿ ವ್ಯಾಪಕವಾದದ್ದು ಸ್ವಾತಂತ್ರ್ಯ ಬಂದ ಮೇಲೆಯೇ. ಮೇಲುಗಡೆ ಹಾದುಹೋಗುತ್ತಿದ್ದ ವಿದ್ಯುತ್ತಿನೊಂದಿಗೆ ಅಲ್ಲಿಯವರೆಗೆ ಈ ಹಳ್ಳಿಗಳಿಗಿದ್ದ ಸಂಬಂಧ ಕೂಲಿಯದೇ ಹೊರತು ಬೆಳಕಿನದಲ್ಲ.

ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರ ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾದವು. ಸುಮಾರು 800 ಟನ್ ಚಿನ್ನ ಕೊಟ್ಟ ಬಳಿಕ 2001ರ ಫೆಬ್ರುವರಿ 28ರಂದು ಮುಚ್ಚಿದವು. ಯಾವ ಗಣಿಗಾಗಿ ಶಿಬಿರ ಹುಟ್ಟಿತೋ ಆ ಗಣಿ ಹೋದರೂ ಬ್ಲಫ್ ಮುಚ್ಚಲಿಲ್ಲ. ಹಂತಹಂತವಾಗಿ ಹೊಸ ಯಂತ್ರಗಳನ್ನು ಪಡೆದು 42 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಅದು ಕರ್ನಾಟಕ ವಿದ್ಯುತ್ ನಿಗಮದ ಕೇಂದ್ರಗಳಲ್ಲಿ ಒಂದಾಗಿ, ಇಂದು ರಾಜ್ಯದ ಒಟ್ಟು ವಿದ್ಯುತ್ ಜಾಲಕ್ಕೆ ತನ್ನ ಸಣ್ಣ ಪಾಲನ್ನು ಸಲ್ಲಿಸುತ್ತಿದೆ.